ಎಲೆ ಸರಿಸಿದವರು

ಆ ಬೇಸಿಗೆ ಆ ಮನೆಯಲ್ಲಿ ಜಗಳ ಹುಟ್ಟಿದ್ದು ಆಸ್ತಿಗಲ್ಲ, ಅಡುಗೆಗಲ್ಲ. ಬೆಳಗಿನ ಹೊತ್ತು ಯಾರ ಪಾಲಿಗೆ ಸೇರಬೇಕು ಎಂಬುದಕ್ಕೆ.

ರಾತ್ರಿ ಪಾಳಿ ಮುಗಿಸಿ ಆಸ್ಪತ್ರೆಯಿಂದ ಬಂದ ಮಗಳು ಚಪ್ಪಲಿ ಬಿಟ್ಟವಳೇ ಸೀದಾ ಒಳಕೋಣೆಗೆ ಹೋದಳು. ಹಾಸಿಗೆ ಖಾಲಿ. ಹೊದಿಕೆ ಮಡಿಸಿಟ್ಟಿತ್ತು. ದಿಂಬಿನಲ್ಲಿ ಮಗು ತಲೆಯಿಟ್ಟ ತಗ್ಗು ಮಾತ್ರ ಹಾಗೇ ಇತ್ತು.

"ಅಮ್ಮಾ, ಎಲ್ಲಿ ಇವಳು?"

ಅಜ್ಜಿ ಒಲೆಯ ಮುಂದೆ ಹಾಲು ಉಕ್ಕದಂತೆ ಕಾಯುತ್ತಿದ್ದಳು. ಕೇಳಿಸಿದರೂ ಹಾಲನ್ನೇ ನೋಡಿದಳು.

"ನಿಮ್ಮಪ್ಪನ ಜೊತೆ ಹೋದ್ಲು. ಹಕ್ಕಿ ನೋಡೋಕೆ."

"ಇವತ್ತೂನಾ?"

"ಅವರಿಗಿಂತ ಮುಂಚೆ ಎದ್ದು ಕೂತಿದ್ಲು ಕಣೇ. ಬೇಡ ಅಂದಿದ್ರೆ ಅಳೋಳು."

"ರಾತ್ರಿಯೆಲ್ಲ ಯಾರ್ಯಾರದೋ ಮಕ್ಕಳ ಜ್ವರ ನೋಡಿ ಬರ್ತೀನಿ ನಾನು. ನನ್ನ ಮಗು ಪಕ್ಕದಲ್ಲಿ ಅರ್ಧ ಗಂಟೆ ಮಲಗೋಕೆ ನಾನು ಅರ್ಜಿ ಹಾಕ್ಬೇಕಾ?"

ಅಷ್ಟರಲ್ಲಿ ಹಾಲು ಉಕ್ಕಿಯೇ ಬಿಟ್ಟಿತು. ಅಜ್ಜಿ ಬಟ್ಟೆ ಹುಡುಕುತ್ತಾ, "ಇವರಿಬ್ಬರ ಮಧ್ಯೆ ನನ್ನ ಹಾಲು ಹಾಳಾಯ್ತು" ಎಂದು ಗೊಣಗಿದಳು.

ಮಗಳೂ ಅಳಿಯನೂ ಬೇರೆಯಾಗಿ ಕೆಲವು ವರ್ಷಗಳಾಗಿದ್ದವು. ಅಳಿಯ ಇನ್ನೊಂದು ಊರಿನ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಕೆಟ್ಟವನಲ್ಲ, ಮಾತು ಕಡಿಮೆ. ಶಾಲೆಯ ದಿನಗಳಲ್ಲಿ ಮಗು ಅವನ ಮನೆಯಲ್ಲಿ, ಅವನ ಅಕ್ಕನ ಕೈಕೆಳಗೆ. ಬೇಸಿಗೆ ರಜೆಯಲ್ಲಿ ಇಲ್ಲಿ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಎಂಬ ಗಾದೆ ಇಬ್ಬರಿಗೂ ಗೊತ್ತಿತ್ತು. ಗಾದೆ ಗೊತ್ತಿದ್ದ ಮಾತ್ರಕ್ಕೆ ಕೂಸು ದಪ್ಪಗಾಗುವುದಿಲ್ಲವಲ್ಲ. ಕೊನೆಗೆ ಇಬ್ಬರೂ ಒಂದು ಒಪ್ಪಂದಕ್ಕೆ ಬಂದಿದ್ದರು: ಈ ರಜೆ ಮುಗಿಯುವಾಗ ಮಗುವನ್ನೇ ಕೇಳುವುದು. ಅವಳು ಯಾವ ಮನೆ ಎನ್ನುತ್ತಾಳೋ ಆ ಊರಿನ ಶಾಲೆಗೆ ಸೇರಿಸುವುದು. ಆಮೇಲೆ ಆ ಮಾತು ಯಾರೂ ಎತ್ತುವಂತಿಲ್ಲ. ಎಂಟು ವರ್ಷದ ಹುಡುಗಿಯ ತಲೆಯ ಮೇಲೆ ದೊಡ್ಡವರೆಲ್ಲ ಸೇರಿ ಇಳಿಸಿದ ಹೊರೆ ಅದು. ಹಾಗಾಗಿ ಆ ರಜೆಯಲ್ಲಿ ತಾತ, ಅಜ್ಜಿ, ತಾಯಿ ಮೂವರೂ ಅವಳನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡರು.

ಹುಡುಗಿಗೆ ತಾತ ಇಟ್ಟ ಅಡ್ಡಹೆಸರು 'ಯಾಕಮ್ಮ'. ಏನು ಹೇಳಿದರೂ ಯಾಕೆ ಎಂದು ಕೇಳುತ್ತಿದ್ದುದರಿಂದ ಬಂದ ಬಿರುದು. ತಾತನಿಗೂ ಪೇಟೆಯಲ್ಲಿ ಒಂದು ಅಡ್ಡಹೆಸರಿತ್ತು, 'ಗದ್ದ ಮೇಲೆ'. ಬಸ್ ನಿಲ್ದಾಣದ ಎದುರು ಅವನದೊಂದು ಫೋಟೋ ಸ್ಟುಡಿಯೋ ಇತ್ತು. ಊರಿನ ಅರ್ಧ ಜನ ನೌಕರಿಗೆ, ಮದುವೆಗೆ, ಪರೀಕ್ಷೆಗೆ ಅವನ ಮುಂದೆ ಸ್ಟೂಲಿನ ಮೇಲೆ ಕೂತು "ಗದ್ದ ಮೇಲೆ, ಇನ್ನೂ ಸ್ವಲ್ಪ ಮೇಲೆ, ಹಾಂ" ಎನಿಸಿಕೊಂಡವರೇ. ಯಾರನ್ನೂ ಇದ್ದ ಹಾಗೆ ತೆಗೆದವನಲ್ಲ. ಕೂದಲು ಬಾಚಿಸುತ್ತಿದ್ದ, ಕಾಲರ್ ಎಳೆಯುತ್ತಿದ್ದ, ಭುಜವನ್ನು ಎರಡು ಬೆರಳಲ್ಲಿ ತಳ್ಳಿ ಸರಿ ಮಾಡುತ್ತಿದ್ದ. ಎಲ್ಲರಿಗೂ ಒಂದೇ ಕಪ್ಪು ಕೋಟು. ಬಡಕಲು ಆಸಾಮಿ ಬಂದರೆ ಬೆನ್ನ ಹಿಂದೆ ಬಟ್ಟೆ ಒಣಹಾಕುವ ಕ್ಲಿಪ್ಪು ಹಾಕಿ ಬಿಗಿ ಮಾಡುತ್ತಿದ್ದ. ಮುಂದಿನಿಂದ ನೋಡಿದರೆ ಅಳತೆ ಕೊಟ್ಟು ಹೊಲಿಸಿದ ಕೋಟು. ಮೊಬೈಲು ಬಂದ ಮೇಲೆ ಸ್ಟೂಲಿನ ಮೇಲೆ ಕೂರುವವರು ಇಲ್ಲವಾದರು. ಸ್ಟುಡಿಯೋ ಇದ್ದ ಜಾಗದಲ್ಲಿ ಈಗ ಮೊಬೈಲಿನ ಕವರು ಮಾರುತ್ತಾರೆ. ತಾತ ಉದ್ದನೆಯ ಲೆನ್ಸಿನ ಒಂದು ಹಳೆಯ ಕ್ಯಾಮೆರಾ ಇಟ್ಟುಕೊಂಡು ಹಕ್ಕಿಗಳ ಹಿಂದೆ ಬಿದ್ದ. "ಹಕ್ಕಿಗಳಿಗಾದ್ರೂ ಗದ್ದ ಇಲ್ಲ, ಪಾಪ ಬಚಾವಾದ್ವು" ಎಂದು ಅಜ್ಜಿ ನಗುತ್ತಿದ್ದಳು.

ಆ ದಿನ ಅವರಿಬ್ಬರೂ ವಾಪಸ್ಸು ಬರುವ ಹೊತ್ತಿಗೆ ಮಗಳು ಮಲಗಿರಲಿಲ್ಲ. ಬಾಗಿಲಲ್ಲೇ ನಿಂತಿದ್ದಳು.

"ಅಪ್ಪಾ, ನಾನು ಬರೋ ಹೊತ್ತಿಗೇ ಇವಳನ್ನ ಕರ್ಕೊಂಡು ಹೋಗ್ತೀರಲ್ಲ, ಬೇಕೂಂತ ಮಾಡ್ತೀರಾ?"

"ಹಕ್ಕಿ ನಿನ್ನ ಡ್ಯೂಟಿ ನೋಡ್ಕೊಂಡು ಏಳುತ್ತೇನಮ್ಮ? ಬಿಸಿಲು ಏರಿದ್ರೆ ಬೆಳಕು ಸತ್ತುಹೋಗುತ್ತೆ. ಆಮೇಲೆ ತೆಗೆದ್ರೂ ಒಂದೇ, ಬಿಟ್ರೂ ಒಂದೇ."

"ಸಂಜೆ ಹೋಗಿ."

"ಸಂಜೆ ನೀನೇ ಅವಳನ್ನ ಅಂಗಡಿ, ಪಾರ್ಕು ಅಂತ ಎಳ್ಕೊಂಡು ಹೋಗ್ತೀಯಲ್ಲ!"

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಮಧ್ಯದಲ್ಲಿ ಯಾಕಮ್ಮ ಶೂ ಬಿಚ್ಚುತ್ತಾ, "ಅಮ್ಮಾ, ಗೂಡು ಸಿಕ್ತು! ಪಿಕಳಾರದ್ದು. ಮೂರು ಮೊಟ್ಟೆ!" ಎಂದಳು. ಅವಳ ಮುಖ ನೋಡಿ ಇಬ್ಬರೂ ಬಾಯಿ ಮುಚ್ಚಿದರು. ಬಂದ ದಿನದಿಂದ ಆ ಮುಖ ಅಷ್ಟು ಅರಳಿದ್ದನ್ನು ಯಾರೂ ನೋಡಿರಲಿಲ್ಲ.

ತಿಂಡಿಗೆ ಕೂತಾಗ ಅಜ್ಜಿ ನ್ಯಾಯ ತೀರ್ಮಾನ ಮಾಡಿದಳು. ಒಂದು ದಿನ ಬೆಳಗ್ಗೆ ತಾತನ ಜೊತೆ, ಒಂದು ದಿನ ಅಮ್ಮನ ಜೊತೆ.

"ಮಗು ಏನು ಬಾಡಿಗೆ ಸೈಕಲ್ಲಾ?" ಎಂದು ಮಗಳು ಸಿಡುಕಿದಳು. ಆದರೂ ಒಪ್ಪಿದಳು. ತಾತನೂ ಬ್ರೆಡ್ಡಿನ ಅಂಚು ಕಡಿಯುತ್ತಾ ಹೂಂಗುಟ್ಟಿದ. ಯಾಕಮ್ಮನನ್ನು ಯಾರೂ ಕೇಳಲಿಲ್ಲ.

ಮೊಟ್ಟೆ ಒಡೆದು ಮರಿ ಹೊರಬಂದ ಮೇಲೆ ಅವಳು ಅಜ್ಜಿಯನ್ನೂ ಬಿಡಲಿಲ್ಲ. "ಒಂದೇ ದಿನ ಬಾ ಅಜ್ಜಿ, ಒಂದೇ ದಿನ" ಎಂದು ದುಂಬಾಲು ಬಿದ್ದಳು. ಮಂಡಿ ನೋವಿನ ಅಜ್ಜಿ ಗೊಣಗಿಕೊಂಡೇ ಹೊರಟಳು. ಊರಿನ ಕೊನೆಯ ಬೀದಿ ದಾಟಿದರೆ ಮುಚ್ಚಿಹೋದ ಬೆಂಕಿಪೊಟ್ಟಣದ ಕಾರ್ಖಾನೆ. ಅದರ ಹಿಂದೆ ಕಾಲುವೆ. ಕಾಲುವೆಯಲ್ಲಿ ನೀರು ಮೊಣಕಾಲಿಗೂ ಇರಲಿಲ್ಲ. ಬಿಸಿಲು ಇನ್ನೂ ಏರಿರಲಿಲ್ಲ; ಗಾಳಿ ತಂಪಾಗಿತ್ತು. ಕೊಕ್ಕರೆಗಳು ಒಂಟಿ ಕಾಲಲ್ಲಿ ನಿಂತಿದ್ದವು. ತಂತಿಯ ಮೇಲೆ ಒಂದು ಮಿಂಚುಳ್ಳಿ ಕೂತಿತ್ತು. ತಾತ ಕ್ಯಾಮೆರಾ ಎತ್ತಿದ್ದೇ ತಡ, ಯಾಕಮ್ಮ ಉಸಿರು ಬಿಗಿಹಿಡಿದು ಅವನ ಅಂಗಿಯ ತುದಿ ಹಿಡಿದುಕೊಂಡಳು. ಅದು ನೀರಿಗೆ ಬಿದ್ದು ಎದ್ದಾಗ ಕ್ಯಾಮೆರಾ ಚಟಚಟನೆ ಸದ್ದು ಮಾಡಿತು. "ಸಿಕ್ತಾ ತಾತ?" "ಬಾಲ ಸಿಕ್ತು." ಇಬ್ಬರೂ ನಕ್ಕರು. ಆ ನಗುವಿನಲ್ಲಿ ಅಜ್ಜಿಗೆ ಪಾಲಿರಲಿಲ್ಲ, ಆದರೂ ಅವಳಿಗೆ ಹೊಟ್ಟೆ ತುಂಬಿತು.

ಗೂಡು ಕಾರ್ಖಾನೆಯ ಕಾಂಪೌಂಡಿಗೆ ಒರಗಿದ್ದ ಒಂದು ಪೊದೆಯಲ್ಲಿತ್ತು, ಅಜ್ಜಿಯ ಎದೆಯ ಮಟ್ಟಕ್ಕೆ. ಹತ್ತಿರ ಹೋಗುವಂತಿಲ್ಲ, ಮಾತಾಡುವಂತಿಲ್ಲ. ಎಲ್ಲಕ್ಕೂ ಯಾಕಮ್ಮನ ಕಟ್ಟಪ್ಪಣೆ. ದೂರದಿಂದ ನೋಡಿದರೆ ಎಲೆಯೇ ಎಲೆ. ತಲೆಯ ಮೇಲೆ ಜುಟ್ಟಿದ್ದ ತಾಯಿಹಕ್ಕಿ ಬಂದು ಒಳಗೆ ನುಸುಳಿದಾಗ ಮಾತ್ರ ಎಲೆಗಳ ಸಂದಿಯಲ್ಲಿ ಏನೋ ಅಲುಗಿತು.

"ಏನೂ ಕಾಣ್ಲಿಲ್ವಲ್ಲೇ" ಎಂದಳು ಅಜ್ಜಿ.

"ಕಾಣಬಾರದು ಅಜ್ಜಿ. ಕಾಣದೇ ಇರೋಕೆ ತಾನೇ ಅಲ್ಲಿ ಕಟ್ಟಿರೋದು."

ತಾತ ಕ್ಯಾಮೆರಾ ಇಳಿಸಿ, "ಆ ಒಂದು ರೆಂಬೆ ಇಲ್ದಿದ್ರೆ ಎಂಥಾ ಫೋಟೋ ಬರ್ತಿತ್ತು ಗೊತ್ತಾ. ದಿನಾ ಬರೀ ಎಲೆ ತೆಗ್ದು ತೆಗ್ದು ಸಾಕಾಯ್ತು" ಎಂದ. ಅಜ್ಜಿ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಇಡೀ ಜೀವಮಾನ ಅವನು ಬೆಳಕು ಸಾಲದು ಎಂದು ಗೊಣಗಿದ್ದನ್ನು ಕೇಳಿದವಳು ಅವಳು.

ಆಮೇಲೊಂದು ದಿನ ಯಾಕಮ್ಮ ಅಮ್ಮನ ಪಾಲಿಗೆ ಬಂದಾಗ ತಾತ ಒಬ್ಬನೇ ಹೋದ. ಬಂದಾಗ ಮುಖ ಊರಗಲ. ಬಂದವನೇ ಕ್ಯಾಮೆರಾದ ಚೀಲ ತಬ್ಬಿಕೊಂಡು ಸುಮ್ಮನೆ ನಗುತ್ತಾ ಕೂತ. "ಏನ್ರೀ, ನಿಧಿ ಸಿಕ್ತಾ?" ಎಂದರೆ, "ಆಮೇಲೆ ನೋಡುವೆಯಂತೆ" ಎಂದು ಚಹಾ ಕೇಳಿದ. ಕುಡಿದವನೇ ಮತ್ತೆ ಪೇಟೆಗೆ ಹೊರಟ.

ಮಧ್ಯಾಹ್ನ ಅಜ್ಜಿ ಬಟ್ಟೆ ಒಣಹಾಕಿದಳು. ಎರಡು ಕ್ಲಿಪ್ಪು ಕಡಿಮೆ ಬಿದ್ದವು. ಮಗಳ ಬಿಳಿ ಸಮವಸ್ತ್ರವನ್ನು ಹಾಗೇ ಹಗ್ಗದ ಮೇಲೆ ಎಳೆದು ಒಳಗೆ ಬಂದಳು. ಗಾಳಿ ಬಂದು ಅದು ಮಣ್ಣಿಗೆ ಬಿತ್ತು. ಮಗಳು ನಿದ್ದೆಯಿಂದೆದ್ದು ಕೂಗಾಡಿದಳು.

"ಒಂದು ಕ್ಲಿಪ್ ಹಾಕೋಕಾಗಲ್ವಾ ಅಮ್ಮ?"

"ಇದ್ರೆ ಹಾಕ್ತಿರಲಿಲ್ವಾ? ಈ ಮನೇಲಿ ಕ್ಲಿಪ್ಪಿಗೂ ಕಾಲು ಬಂದಿದೆ."

ತಾತ ಪೇಟೆಯಿಂದ ಬಂದ ಮೇಲೆ ಅಜ್ಜಿ ಅವನನ್ನೂ ಕೇಳಿದಳು. "ಎಲ್ಲೋ ಇರುತ್ತೆ ಬಿಡೇ. ಎರಡು ಕ್ಲಿಪ್ಪಿಗೆ ಎಷ್ಟು ರಾದ್ಧಾಂತ!" ಎಂದ. ಅವನ ತಲೆ ಬೇರೆಲ್ಲೋ ಇತ್ತು.

ಸಂಜೆ ತರಕಾರಿಗೆ ಹೋದವಳಿಗೆ ಮೊಮ್ಮಗಳ ಗೂಡಿನ ನೆನಪಾಯಿತು. ಮರಿ ಎಷ್ಟು ಬೆಳೆದಿದೆ ನೋಡಿ ಬಂದು ಹೇಳಿದರೆ ಮಗು ಖುಷಿಪಡುತ್ತಾಳೆ ಎನ್ನಿಸಿತು. ಕಾರ್ಖಾನೆಯ ಹಿಂದಕ್ಕೆ ಹೋದಳು. ದೂರದಿಂದಲೇ ಅವಳಿಗೆ ತನ್ನ ನೀಲಿ ಕ್ಲಿಪ್ಪುಗಳು ಕಂಡವು.

ಅಡ್ಡವಿದ್ದ ರೆಂಬೆಯನ್ನು ಹಿಂದಕ್ಕೆ ಬಗ್ಗಿಸಿ, ಇನ್ನೊಂದು ರೆಂಬೆಗೆ ಸೇರಿಸಿ ಕ್ಲಿಪ್ಪು ಹಾಕಿತ್ತು. ಬಡಕಲು ಆಸಾಮಿಯ ಬೆನ್ನ ಹಿಂದೆ ಕೋಟು ಬಿಗಿ ಮಾಡಿದ ಹಾಗೆ, ಅಷ್ಟೇ ಅಚ್ಚುಕಟ್ಟು. ಗೂಡು ಬಟಾಬಯಲಾಗಿತ್ತು. ಬೆಳಗಿನಿಂದ ಸಂಜೆಯವರೆಗೆ ಬಿಸಿಲು ನೇರ ಅದರೊಳಗೆ ಬಿದ್ದಿತ್ತು. ಎರಡು ಮರಿಗಳು ಒಂದರ ಮೇಲೊಂದು ಕತ್ತು ಚಾಚಿ ಸತ್ತಿದ್ದವು, ಇರುವೆ ಮುತ್ತಿತ್ತು. ಮೂರನೆಯದು ಇರಲೇ ಇಲ್ಲ. ಕಾಂಪೌಂಡಿನ ಮೇಲೆ ಒಂದು ಕಾಗೆ ಕೂತಿತ್ತು.

ಅಜ್ಜಿ ಅಲ್ಲೇ ನಿಂತಿದ್ದಾಗ ತಾಯಿಹಕ್ಕಿ ಬಂತು. ಕೊಕ್ಕಿನಲ್ಲಿ ಏನೋ ಹುಳು. ಗೂಡಿನ ಅಂಚಿನಲ್ಲಿ ಕೂತು ಒಳಗೆ ನೋಡಿತು. ಹುಳುವನ್ನು ಬಿಡಲೂ ಇಲ್ಲ, ನುಂಗಲೂ ಇಲ್ಲ. ಹಾರಿಹೋಗಿ ಮತ್ತೆ ಬಂತು, ಹುಳು ಕೊಕ್ಕಿನಲ್ಲೇ ಇತ್ತು. ಅಜ್ಜಿಗೆ ಕಣ್ಣು ತುಂಬಿ ಬಂತು. ಗಂಡನ ಮೇಲೆ ಸಿಟ್ಟು ಬಂತು, ಅವನ ಬಗ್ಗೆ ಅಯ್ಯೋ ಎಂದೂ ಅನ್ನಿಸಿತು. ಯಾಕೆಂದರೆ ಅವನು ಇದನ್ನು ಯಾರಿಗಾಗಿ ಮಾಡಿದ ಎಂಬುದು ಅವಳಿಗೆ ಗೊತ್ತಿತ್ತು.

ಸತ್ತ ಮರಿಗಳನ್ನು ತರಗೆಲೆಯಲ್ಲಿ ಎತ್ತಿ ಪೊದೆಯ ಬುಡದಲ್ಲಿ ಮಣ್ಣು ಮುಚ್ಚಿದಳು. ಕ್ಲಿಪ್ಪು ಬಿಚ್ಚಿದಳು. ರೆಂಬೆ ತನ್ನ ಜಾಗಕ್ಕೆ ಮರಳಿತು. ಗೂಡು ಮತ್ತೆ ಯಾರಿಗೂ ಕಾಣದಂತಾಯಿತು. ಮನೆಗೆ ಬಂದು ಕ್ಲಿಪ್ಪುಗಳನ್ನು ಹಗ್ಗಕ್ಕೆ ಸಿಕ್ಕಿಸಿ ಆಲೂಗಡ್ಡೆ ಹೆಚ್ಚಲು ಕೂತಳು.

ಮರುದಿನ ಬೆಳಗ್ಗೆ ಹೋದ ಇಬ್ಬರೂ ಬೇಗ ವಾಪಸ್ಸಾದರು. ಯಾಕಮ್ಮ ಶೂ ಬಿಚ್ಚದೆ ಮೆಟ್ಟಿಲ ಮೇಲೆ ಕೂತಳು.

"ಗೂಡು ಖಾಲಿ ಅಜ್ಜಿ."

"ಹಾರಿ ಹೋಗಿರ್ತವೆ ಕಂದ" ಎಂದಳು ಅಜ್ಜಿ.

"ರೆಕ್ಕೇನೇ ಬಂದಿರಲಿಲ್ಲ."

ತಾತ ಅವಳ ಪಕ್ಕ ಕೂತು, "ಕಾಗೆನೋ ಹಾವೋ ತಿಂದಿರುತ್ತೆ. ಪ್ರಕೃತಿ ಅಂದ್ರೆ ಹಾಗೇನೇ ಪುಟ್ಟ. ಎಲ್ಲಾ ಮರಿನೂ ಉಳಿಯಲ್ಲ" ಎಂದ.

"ಯಾಕೆ? ಎಲೆ ಇತ್ತಲ್ಲ. ಕಾಗೆಗೆ ಹೇಗೆ ಕಾಣ್ತು?"

ತಾತ ಅವಳ ಶೂವಿನ ದಾರ ಬಿಚ್ಚತೊಡಗಿದ. ಉತ್ತರ ಒಳಗೆ ನಿಂತಿದ್ದ ಅಜ್ಜಿಯ ಹತ್ತಿರ ಇತ್ತು. ಅವಳು ಒಲೆಯ ಉರಿ ತಗ್ಗಿಸಿದಳು.

ಅಂದಿನಿಂದ ಯಾಕಮ್ಮ ಕಾಲುವೆಯ ಕಡೆ ಹೋಗಲಿಲ್ಲ. ತಾತ ಎಬ್ಬಿಸಿದರೆ "ನಿದ್ದೆ ಬರ್ತಿದೆ" ಎಂದು ಮಗ್ಗುಲು ತಿರುಗುತ್ತಿದ್ದಳು. ತಾತ ಒಬ್ಬನೇ ಹೋಗಿ ಸ್ವಲ್ಪ ಹೊತ್ತಿಗೇ ಬಂದುಬಿಡುತ್ತಿದ್ದ. ಮಗಳಿಗೆ ಮಾತ್ರ ಕಳೆದುಹೋದದ್ದು ಸಿಕ್ಕಿತ್ತು. ಪಾಳಿ ಮುಗಿಸಿ ಬಂದು, ಕೈಕಾಲು ತೊಳೆದು, ಮಗುವಿನ ಪಕ್ಕ ಮಲಗಿ ಅವಳನ್ನು ಎದೆಗೆ ಎಳೆದುಕೊಳ್ಳುತ್ತಿದ್ದಳು. ಚಹಾ ಬೇಕಾ ಎಂದು ಕೇಳಲು ಹೋದ ಅಜ್ಜಿ ಬಾಗಿಲಲ್ಲಿ ಒಂದು ನಿಮಿಷ ನಿಂತು ನೋಡುತ್ತಿದ್ದಳು. ಮಗಳು ನಿದ್ದೆಹೋಗಿರುತ್ತಿದ್ದಳು. ಯಾಕಮ್ಮ ಕಣ್ಣು ಬಿಟ್ಟುಕೊಂಡೇ ತಾಯಿಯ ತೋಳಿನಡಿ ಇರುತ್ತಿದ್ದಳು. ಈಗ ಹೇಳಲೇ ಎಂದು ಅಜ್ಜಿಗೆ ದಿನಾ ಅನ್ನಿಸುತ್ತಿತ್ತು. ಹೇಳಿದರೆ ಮಗು ತಾತನ ಮುಖ ನೋಡಳು, ಮಗಳು ಅಪ್ಪನನ್ನು ಸುಮ್ಮನೆ ಬಿಡಳು. ಅತ್ತ ದರಿ, ಇತ್ತ ಪುಲಿ. ಬಾಗಿಲು ಎಳೆದುಕೊಂಡು ಬರುತ್ತಿದ್ದಳು.

ಮಗಳು ಉಬ್ಬಿಹೋದಳು. "ಅಮ್ಮಾ, ಇವಳು ಇಲ್ಲೇ ಇರ್ತಾಳೆ ಅನ್ಸುತ್ತೆ" ಎಂದು ಪಾತ್ರೆ ತೊಳೆಯುತ್ತಾ ಪಿಸುಗುಟ್ಟಿದಳು. ಹಗಲು ಪಾಳಿಗೆ ಹಾಕಿರೆಂದು ಮೇಟ್ರನ್ನಿನ ಕೈಕಾಲು ಹಿಡಿದು ಬಂದಳು. ಮೂಲೆಯ ಕೋಣೆಗೆ ಹೊಸ ಬಣ್ಣ ಬಳಿಸಿದಳು. ಇಲ್ಲಿಯ ಶಾಲೆಯ ಗೇಟು ತೋರಿಸಿಕೊಂಡು ಬಂದು, "ಎಷ್ಟು ದೊಡ್ಡ ಮೈದಾನ ಅಲ್ವಾ?" ಎಂದು ಮೂರು ಸಲ ಕೇಳಿದಳು. ತಾತ, "ಬೇಜಾರಾ ಪುಟ್ಟ? ಇನ್ನೊಂದು ಗೂಡು ಹುಡುಕೋಣ್ವಾ?" ಎಂದು ಅವಳ ಮುಖವನ್ನೇ ನೋಡುತ್ತಿದ್ದ. ಅಜ್ಜಿಯೂ ಕಡಿಮೆಯೇನಲ್ಲ. "ಏನು ಮಾಡ್ಲಿ ತಿನ್ನೋಕೆ? ಮೊಟ್ಟೆ ಬೇಡ್ವಾ? ಬೇರೆ ಏನಾದ್ರೂ? ಯಾಕೆ ಬಿಟ್ಟೆ ಅಷ್ಟು ಅನ್ನ?" ಎಂದು ತಟ್ಟೆಯ ಮುಂದೆಯೇ ಕೂತಿರುತ್ತಿದ್ದಳು. ಎಲ್ಲಕ್ಕೂ ಯಾಕಮ್ಮನ ಉತ್ತರ "ಹೂಂ". ಯಾಕೆ ಎಂದು ಕೇಳುವುದನ್ನೇ ಬಿಟ್ಟಿದ್ದಳು. ಅದನ್ನು ಮೂವರೂ ಗಮನಿಸಿದರು. ಮಗು ಒಗ್ಗಿಕೊಂಡಿತು ಎಂದುಕೊಂಡರು.

ಒಂದು ಮಧ್ಯಾಹ್ನ ಅವಳು ಎಲ್ಲೂ ಕಾಣಿಸಲಿಲ್ಲ. ಮನೆಯೆಲ್ಲ ಗಾಬರಿಯಾಯಿತು. ತಾತ ಬೀದಿಯ ತುದಿಯವರೆಗೆ ಓಡಿದ. ಕೊನೆಗೆ ಅಜ್ಜಿಯೇ ಕಂಡುಹಿಡಿದಳು: ಬಟ್ಟೆಯ ಕಪಾಟಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ಮಂಡಿ ಮಡಿಸಿ ಕೂತಿದ್ದಳು. ಆಟವಿರಲಿಲ್ಲ, ಪುಸ್ತಕವಿರಲಿಲ್ಲ.

"ಇಲ್ಯಾಕೆ ಕೂತಿದ್ದೀಯೆ? ಜೀವ ಬಾಯಿಗೆ ಬಂದಿತ್ತಲ್ಲೇ ನಮಗೆ! ಬಾ ಈಚೆಗೆ."

ಮೂವರೂ ಸೇರಿ ಅವಳನ್ನು ಈಚೆಗೆ ಎಳೆದರು, ಕೂದಲಿನ ಧೂಳು ಕೊಡವಿದರು, ಹಾಲು ಕುಡಿಸಿದರು.

ಅಳಿಯ ಬರುವ ಹಿಂದಿನ ದಿನ, ಎಲ್ಲರೂ ಊಟಕ್ಕೆ ಕೂತಾಗ, ತಾತ ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿದ ಒಂದು ಚೌಕಟ್ಟು ತಂದ. ಪೇಟೆಯಲ್ಲಿ ದೊಡ್ಡದು ಮಾಡಿಸಿ, ಗಾಜು ಹಾಕಿಸಿ, ಇಷ್ಟು ದಿನ ಬೀರುವಿನ ಹಿಂದೆ ಬಚ್ಚಿಟ್ಟಿದ್ದ.

"ಮರಿ ಹೋದ್ವು ಅಂತ ನೀನು ಬೇಜಾರು ಮಾಡ್ಕೊಂಡಿದ್ದೆ. ನೋಡು, ಎಲ್ಲೂ ಹೋಗಿಲ್ಲ. ಹೊಸ ಕೋಣೇಲಿ ನೇತು ಹಾಕೋಣ."

ಫೋಟೋ ನಿಜಕ್ಕೂ ಚೆನ್ನಾಗಿತ್ತು. ಅವನ ಜೀವಮಾನದಲ್ಲಿ ಅಂಥದ್ದೊಂದು ತೆಗೆದಿರಲಿಲ್ಲ. ಮೂರು ಮರಿಗಳೂ ಕತ್ತು ಎತ್ತಿ ಬಾಯಿ ತೆರೆದಿದ್ದವು. ಬಾಯೊಳಗಿನ ಕೆಂಪು, ಮೈಮೇಲಿನ ಒಂದೊಂದು ತುಪ್ಪುಳು ಕೂಡ ಕಾಣುತ್ತಿತ್ತು. ಗೂಡಿನ ಒಂದೊಂದು ಕಡ್ಡಿಯ ಮೇಲೂ ಬೆಳಕಿತ್ತು. ಮಗಳು, "ಅಬ್ಬಾ ಅಪ್ಪಾ!" ಎಂದು ಬಾಯಿಬಿಟ್ಟೇ ಹೊಗಳಿದಳು. ಅಜ್ಜಿಯ ಕೈಯಲ್ಲಿನ ಸೌಟು ಅಲ್ಲೇ ನಿಂತಿತು.

ಯಾಕಮ್ಮ ಬಹಳ ಹೊತ್ತು ನೋಡಿದಳು.

"ತಾತ, ಎಲೆ ಎಲ್ಲಿ ಹೋಯ್ತು?"

"ಅದೇ ಮತ್ತೆ ಕೈಚಳಕ!" ತಾತನಿಗೆ ಹಳೆಯ ಸ್ಟುಡಿಯೋದ ಗತ್ತು ಬಂದಿತ್ತು. "ಆ ರೆಂಬೆ ದಿನಾ ಅಡ್ಡ ಬರ್ತಿತ್ತಲ್ಲ? ಹಿಂದಕ್ಕೆ ಬಗ್ಗಿಸಿ ಎರಡು ಕ್ಲಿಪ್ ಹಾಕ್ದೆ. ಬೆಳಕು ಸೀದಾ ಒಳಗೆ ಬಂತು. ನಿನಗೋಸ್ಕರ ಪುಟ್ಟ."

"ಆಮೇಲೆ ತೆಗೆದ್ಯಾ?"

"ಏನನ್ನ?"

"ಕ್ಲಿಪ್ಪು."

ತಾತ ಬಾಯಿ ತೆರೆದ. ಅವನ ಕೈ ಅಂಗಿಯ ಜೇಬಿಗೆ ಹೋಯಿತು, ಅಲ್ಲಿಂದ ಪ್ಯಾಂಟಿನ ಜೇಬಿಗೆ. ಅಷ್ಟು ದಿನದ ಹಿಂದಿನ ಕ್ಲಿಪ್ಪು ಈಗ ಅಲ್ಲಿ ಸಿಗುವುದೇನೋ ಎಂಬಂತೆ ತಡಕಾಡಿತು. ಅಜ್ಜಿ ಅದನ್ನು ನೋಡಿದಳು.

"ನಾನು ತೆಗೆದೆ ಕಂದ" ಎಂದಳು ಅಜ್ಜಿ. "ಸಂಜೆ ಹೋಗಿ ತೆಗೆದು ಬಂದೆ."

ಯಾಕಮ್ಮ ಅವಳ ಕಡೆ ತಿರುಗಿದಳು. "ನೀನು ಹೋದಾಗ ಮರಿಗಳಿದ್ವಾ?"

"ಇದ್ವು."

"ಹೇಗಿದ್ವು?"

"ಚೆನ್ನಾಗಿದ್ವು. ಹಿಂಗೇ ಬಾಯಿ ತೆರ್ಕೊಂಡು ಕೂತಿದ್ವು."

ಸುಳ್ಳು ಹೇಳುವಾಗ ಅಜ್ಜಿ ಯಾವಾಗಲೂ ಎದುರಿಗಿದ್ದವರ ತಟ್ಟೆಗೆ ಬಡಿಸುತ್ತಿದ್ದಳು. ಮಗುವಿನ ತಟ್ಟೆಯಲ್ಲಿ ಅನ್ನ ರಾಶಿಯಾಯಿತು. ಯಾಕಮ್ಮ ಆ ರಾಶಿಯನ್ನು ನೋಡಿ, ಕೈ ತೊಳೆದು, "ನಾನು ಮಲಗ್ತೀನಿ" ಎಂದು ಎದ್ದು ಹೋದಳು. ಯಾಕೆ ಎಂದು ಕೇಳಲಿಲ್ಲ.

ಅವಳು ಹೋದ ಮೇಲೆ ಮಗಳು ದನಿ ತಗ್ಗಿಸಿ ಕೇಳಿದಳು, "ಏನಮ್ಮಾ ಇದು?"

ಅಜ್ಜಿ ಹೇಳಿದಳು. ಬಿಸಿಲು, ಇರುವೆ, ಕಾಗೆ, ಹುಳು ಕಚ್ಚಿಕೊಂಡು ಬಂದ ತಾಯಿಹಕ್ಕಿ, ಎಲ್ಲ. ತಾತ ಚೌಕಟ್ಟನ್ನು ಮಡಿಲಲ್ಲಿ ಇಟ್ಟುಕೊಂಡೇ ಕೇಳಿದ.

"ಹಾಗಾದ್ರೆ ನಾನೇ…" ಎಂದು ಅಷ್ಟಕ್ಕೇ ನಿಲ್ಲಿಸಿದ.

"ಹೂಂ ಅಪ್ಪಾ, ನೀವೇ." ಮಗಳ ಕಟ್ಟೆ ಒಡೆಯಿತು. "ನಿಮಗೆ ಎಲ್ಲಾ ಬಿಡಿಸಿ ನೋಡ್ಬೇಕು, ಎಲ್ಲಾ ಬೆಳಕಿಗೆ ತರ್ಬೇಕು! ನನ್ನ ಸಂಸಾರದಲ್ಲೂ ಇದನ್ನೇ ಮಾಡಿದ್ರಿ. ನಮ್ಮಿಬ್ಬರ ಮಧ್ಯೆ ಇದ್ದಿದ್ದು ನಾಲ್ಕು ದಿನದ ಮುನಿಸು. ನೀವು ಹತ್ತು ಜನರನ್ನ ಸ್ಟುಡಿಯೋದಲ್ಲಿ ಕೂರಿಸಿ, 'ಏನಿದ್ರೂ ಬಾಯಿ ಬಿಟ್ಟು ಹೇಳಿ' ಅಂದ್ರಿ. ಹೇಳಿದ್ವಿ. ಹೇಳಬಾರದ್ದನ್ನೆಲ್ಲ ಹೇಳಿದ್ವಿ. ಆಮೇಲೆ ಒಂದೇ ಸೂರಿನಡಿ ಇರೋದು ಹೇಗೆ?"

"ನಾನು ನಿನ್ನ ಒಳ್ಳೇದಕ್ಕೆ…"

"ಗೊತ್ತು. ಅದೇ ನನಗೆ ಆಗದೇ ಇರೋದು."

ಆಮೇಲೆ ತಾಯಿಯ ಕಡೆ ತಿರುಗಿದಳು. "ನೀನೂ ಅಷ್ಟೇ. ಇಷ್ಟು ದಿನ ಗೊತ್ತಿದ್ದೂ ಯಾಕೆ ಬಾಯಿ ಬಿಡ್ಲಿಲ್ಲ?"

ಅಜ್ಜಿ ತಟ್ಟೆಗಳನ್ನು ಒಂದರ ಮೇಲೊಂದು ಇಡುತ್ತಿದ್ದಳು. "ಬೆಳಗ್ಗೆ ನಿನ್ನ ಹಾಸಿಗೆ ತುಂಬಿರ್ತಿತ್ತಲ್ಲ. ಅದಕ್ಕೆ."

ಆ ಬೆಳಗುಗಳೆಲ್ಲ ಎಲ್ಲಿಂದ ಬಂದವೆಂದು ಈಗ ತಿಳಿದು, ಮಗಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಒಳಕೋಣೆಯ ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಅದನ್ನು ಮೊದಲು ಗಮನಿಸಿದವನು ತಾತ. ಎದ್ದು ಹೋಗಿ ಮುಚ್ಚಿ ಬಂದ. ಮುಚ್ಚಬೇಕಾದದ್ದನ್ನು ಅವನು ಮೊದಲ ಸಲ ಮುಚ್ಚಿದ್ದು ಆಗಲೇ ಇರಬೇಕು, ಆದರೆ ಹೊತ್ತು ಮೀರಿತ್ತು.

ಮರುದಿನ ಅಳಿಯ ಬಂದ. ಗ್ರೀಸಿನ ಕಲೆ ಹೋಗದ ಬೆರಳುಗಳನ್ನು ಮಡಿಸಿಕೊಂಡು ಕುರ್ಚಿಯ ತುದಿಯಲ್ಲಿ ಕೂತ. "ಆರಾಮಾ ಮಾವ? ಕಾಲು ಹೇಗಿದೆ ಅತ್ತೆ?" ಎಂದ. ಮಗಳಿಗೆ, "ಡ್ಯೂಟಿ?" ಎಂದ. "ಹಗಲು ಸಿಕ್ಕಿದೆ" ಎಂದಳು ಅವಳು. "ಒಳ್ಳೇದಾಯ್ತು." ಅಷ್ಟೇ. ಒಂದು ಕಾಲದಲ್ಲಿ ಇವರಿಬ್ಬರೂ ಒಂದೇ ತಟ್ಟೆಯಲ್ಲಿ ಉಂಡವರು ಎಂದರೆ ಯಾರೂ ನಂಬುವಂತಿರಲಿಲ್ಲ. ಅಜ್ಜಿ ಕೈಲಾದಷ್ಟು ಅಡುಗೆ ಮಾಡಿದ್ದಳು. ಎಲ್ಲರೂ ಉಂಡರು; ಚೆನ್ನಾಗಿದೆ ಎಂದರು. ಫೋಟೋವನ್ನು ತಾತ ಎಲ್ಲಿಟ್ಟನೋ, ಯಾರೂ ಕೇಳಲಿಲ್ಲ.

ಊಟವಾದ ಮೇಲೆ ನಾಲ್ವರು ದೊಡ್ಡವರೂ ಕೂತರು. ಯಾಕಮ್ಮ ನಡುವೆ ನಿಂತಳು. ಯಾರು ಕೇಳುವುದು ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಮಗಳೇ ಕೇಳಿದಳು.

"ಹೆದರ್ಕೋಬೇಡ ಕಂದ. ಯಾರೂ ಬೈಯಲ್ಲ. ನೀನು ಎಲ್ಲಿರ್ತೀಯ? ಇಲ್ಲಿ ಅಮ್ಮನ ಜೊತೆನಾ, ಅಲ್ಲಿ ಅಪ್ಪನ ಜೊತೆನಾ?"

"ಅಪ್ಪನ ಮನೇಲಿ."

ಅಷ್ಟು ಬೇಗ ಉತ್ತರ ಬರುತ್ತದೆಂದು ಯಾರೂ ಎಣಿಸಿರಲಿಲ್ಲ. ಅಳಿಯ ಕೂಡ ಬೆಚ್ಚಿದ. ಮಗಳು ಕುರ್ಚಿಯ ಕೈ ಹಿಡಿದುಕೊಂಡಳು.

"ಅಪ್ಪ ನಿನ್ನ ತುಂಬಾ ಮುದ್ದು ಮಾಡ್ತಾರಾ?" ಎಂದು ಕಷ್ಟಪಟ್ಟು ನಕ್ಕಳು.

"ಇಲ್ಲ. ಅಪ್ಪ ಡಿಪೋದಲ್ಲಿರ್ತಾರೆ. ಅತ್ತೆ ಕೆಲಸ ಮಾಡ್ತಾ ಇರ್ತಾರೆ."

"ಮತ್ತೆ ಯಾಕಮ್ಮಾ?" ಈ ಸಲ ಕೇಳಿದವನು ತಾತ. "ನಿನ್ನೆ ವಿಷಯಕ್ಕಾ? ತಾತ ತಪ್ಪು ಮಾಡ್ದ ಅಂತಾನಾ?"

ಹುಡುಗಿ ತಲೆಯಾಡಿಸಿದಳು. ಅಲ್ಲ ಎಂದು. ಹೇಳಲೋ ಬೇಡವೋ ಎಂದು ಫ್ರಾಕಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು.

"ಇಲ್ಲಿ ಎಲ್ಲರೂ ನನ್ನೇ ನೋಡ್ತಾ ಇರ್ತೀರ" ಎಂದಳು. "ಮಲಗಿದ್ರೂ ನೋಡ್ತೀರ. ತಿಂದ್ರೂ ನೋಡ್ತೀರ. ಅಲ್ಲಿ ಯಾರೂ ನೋಡಲ್ಲ."

ಅಜ್ಜಿ ಆಗಲೂ ಅವಳನ್ನೇ ನೋಡುತ್ತಿದ್ದಳು. ಅದು ಅರಿವಾಗಿ ಚುರುಕ್ಕೆಂದಿತು, ಕಣ್ಣು ಕೆಳಗಿಳಿಸಿದಳು. ಬೆಳಗಾದರೆ ಬಾಗಿಲಲ್ಲಿ ನಿಂತು ನೋಡುತ್ತಿದ್ದವಳೂ ಅವಳೇ.

ಮಗಳು ಒಳಗೆ ಹೋಗಿ ಬಟ್ಟೆ ತುಂಬಿದಳು. ಅಜ್ಜಿ ದಾರಿಗೆಂದು ಬ್ರೆಡ್ಡು, ಬೇಯಿಸಿದ ಮೊಟ್ಟೆ ಕಟ್ಟಿಕೊಟ್ಟಳು. ಇದು ತಿನ್ನು, ಅದು ತಿನ್ನು ಎನ್ನಲಿಲ್ಲ. ಅಳಿಯ ಚೀಲ ಎತ್ತಿಕೊಂಡು, "ಬರ್ತೀವಿ" ಎಂದು ಮೆಟ್ಟಿಲಿಳಿದ. ಯಾಕಮ್ಮ ಮೂವರ ಕಾಲಿನ ಹತ್ತಿರವೇ ಕುಕ್ಕರಗಾಲಲ್ಲಿ ಕೂತು ಶೂವಿನ ದಾರ ಕಟ್ಟಿಕೊಂಡಳು. ಬಿಗಿಯಾಗಲಿಲ್ಲ, ಬಿಚ್ಚಿ ಮತ್ತೆ ಕಟ್ಟಿದಳು. ತಾತ ಸಹಾಯಕ್ಕೆ ಬಗ್ಗಲು ಹೋಗಿ ತಡೆದುಕೊಂಡ.

ಅವಳು ಎದ್ದು ಹೊರಟಾಗ ತಾತ, ಅಜ್ಜಿ, ಮಗಳು ಮೂವರೂ ತಲೆ ತಗ್ಗಿಸಿ ನೆಲ ನೋಡುತ್ತಾ ನಿಂತರು. ಮಗುವಿಗೆ ಅಷ್ಟಾದರೂ ಕೊಡೋಣವೆಂದು. ಹೆಜ್ಜೆ ಗೇಟಿನವರೆಗೆ ಕೇಳಿಸಿತು, ಅಲ್ಲಿ ಒಂದು ಗಳಿಗೆ ನಿಂತಿತು, ಆಮೇಲೆ ಗೇಟು ಕಿರುಗುಟ್ಟಿತು. ನಿಂತ ಆ ಗಳಿಗೆಯಲ್ಲಿ ಅವಳು ತಿರುಗಿ ನೋಡಿದಳೋ ಇಲ್ಲವೋ, ಮೂವರಲ್ಲಿ ಒಬ್ಬರಿಗೂ ಗೊತ್ತಾಗಲಿಲ್ಲ.